ಗಾಳಿಗೆ ಗಂಟು ಹಾಕಿದವರು

ನನಗಾಗ ಏಳೋ ಎಂಟೋ ವರ್ಷ. ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕೂತಿದ್ದೇನೆ. ಎರಡೂ ಕೈ ಮಂಡಿಗೆ ಊರಿಕೊಂಡಿದ್ದೇನೆ, ಹೆಗಲು ಕಿವಿಯ ಹತ್ತಿರಕ್ಕೆ ಏರಿವೆ, ಎದೆಯೊಳಗೆ ಯಾರೋ ಕೂತು ಸಣ್ಣಗೆ ಸೀಟಿ ಊದುತ್ತಿದ್ದಾರೆ. ಎದುರಿಗೆ ಕಿಟಕಿ. ಅದರ ಪರದೆ ನಿಧಾನವಾಗಿ ಉಬ್ಬುತ್ತದೆ, ಒಂದು ಗಳಿಗೆ ಹಾಗೇ ನಿಲ್ಲುತ್ತದೆ, ಮತ್ತೆ ಇಳಿದು ಸರಳಿಗೆ ಅಂಟಿಕೊಳ್ಳುತ್ತದೆ. ನನಗೆ ಸಿಗದ ಉಸಿರನ್ನು ಆ ಬಟ್ಟೆ ತನ್ನ ಪಾಡಿಗೆ ತಾನು ಆಡುತ್ತಿತ್ತು. ಪರದೆಯ ಆಚೆ ಯಾರೋ ನಿಂತಿದ್ದಾರೆ, ಅದು ಅವರ ಉಸಿರು ಎಂದು ಪೂರ್ತಿಯಾಗಿ ನಂಬಿದ್ದೆ. ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಒಳಗೆ ಬಂದು ನನಗೂ ಸ್ವಲ್ಪ ಕೊಡಲಿ ಅನ್ನಿಸುತ್ತಿತ್ತು.

ಅಮ್ಮ ಬೆನ್ನು ನೀವುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. “ಬಿಡು ಕಂದಾ, ಉಸಿರು ಬಿಡು. ಹೊರಗೆ ಬಿಡು.” ಆ ಮಾತು ಕೇಳಿದರೆ ನನಗೆ ಅಳು ಬರುತ್ತಿತ್ತು. ಎಳೆದುಕೊಳ್ಳಲಿಕ್ಕೇ ಆಗದೆ ಒದ್ದಾಡುವಾಗ ಬಿಡು ಅಂದರೆ ಏನನ್ನು ಬಿಡುವುದು?

ಅವಳು ಹೇಳಿದ್ದೇ ಸರಿ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ದಮ್ಮು ಬಂದಾಗ ಶ್ವಾಸನಾಳಗಳು ಊದಿಕೊಂಡು ಬಿಗಿಯುತ್ತವೆ. ಉಸಿರು ಎಳೆಯುವಾಗ ಎದೆ ಹಿಗ್ಗುವುದರಿಂದ ನಾಳಗಳೂ ತುಸು ತೆರೆದುಕೊಳ್ಳುತ್ತವೆ. ಬಿಡುವಾಗ ಎದೆ ಕುಗ್ಗುತ್ತದೆ, ಅವೂ ಮುಚ್ಚಿಕೊಳ್ಳುತ್ತವೆ. ಸೀಟಿಯ ಸದ್ದು ಹೆಚ್ಚಾಗಿ ಕೇಳುವುದು ಆಗಲೇ. ಬಂದ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ, ಒಳಗೇ ಸಿಕ್ಕಿಬೀಳುತ್ತದೆ. ಎದೆ ತುಂಬಿ ಬಿರಿಯುವ ಹಾಗಿದ್ದರೂ ಹೊಸ ಉಸಿರಿಗೆ ಜಾಗ ಇರುವುದಿಲ್ಲ. ಅಂದರೆ ಆ ರಾತ್ರಿಗಳಲ್ಲಿ ನಾನು ಬಾಯಿ ಕಟ್ಟಿದ ಚೀಲವಾಗಿದ್ದೆ.

ಚೀಲ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಪರದೆಯ ಆಚೆ ನಿಂತಿದ್ದವರು ಯಾರು ಎಂದು ಹುಡುಕುತ್ತ ನಾನು ಗಾಳಿದೇವತೆಗಳ, ಗಾಳಿಭೂತಗಳ ಕಥೆಗಳನ್ನು ಓದುತ್ತ ಬಂದೆ. ಒಂದು ನಾಡಿನಿಂದ ಇನ್ನೊಂದಕ್ಕೆ ಹೋದ ಹಾಗೆಲ್ಲ ಎದುರಾದದ್ದು ಚೀಲ, ಬುರುಡೆ, ಗಂಟು, ಹಗ್ಗ. ನೀರಿನ ದೇವತೆಗಳ ಕಥೆಯಲ್ಲಿ ಇಷ್ಟೊಂದು ಕಟ್ಟಿಹಾಕುವ ಹಂಬಲ ಕಾಣುವುದಿಲ್ಲ. ಗಾಳಿಯ ವಿಷಯಕ್ಕೆ ಬಂದರೆ ಮಾತ್ರ ಮನುಷ್ಯನ ಕೈ ಹಗ್ಗ ಹುಡುಕುತ್ತದೆ.

ಮೊದಲು ನಮ್ಮ ಮಾತನ್ನೇ ನೋಡಿ. ಕನ್ನಡದಲ್ಲಿ ಗಾಳಿ ಅಂದರೆ ಬೀಸುವ ಗಾಳಿಯೂ ಹೌದು, ಕಾಣದೆ ಬಂದು ಮೈ ಮುಟ್ಟುವ ಜೀವವೂ ಹೌದು. ‘ಗಾಳಿ ಸೋಕಿದೆ’ ಅಂದಾಗ ಯಾರೂ ಹವಾಮಾನದ ಬಗ್ಗೆ ಮಾತಾಡುತ್ತಿಲ್ಲ. ಆ ವಾಕ್ಯದಲ್ಲಿ ‘ಸೋಕು’ ಎಂಬ ಕ್ರಿಯಾಪದ ನನಗೆ ತುಂಬ ಇಷ್ಟ. ಹಿಡಿಯಿತು, ಹೊಡೆಯಿತು ಅನ್ನುವುದಕ್ಕಿಂತ ಹಗುರ. ತಾಗಿಯೂ ತಾಗದ ಹಾಗೆ. ಗ್ರೀಕರ ಪ್ನ್ಯೂಮ, ಹೀಬ್ರೂವಿನ ರೂಅಹ್, ಲ್ಯಾಟಿನ್ನಿನ ಸ್ಪಿರಿಟಸ್, ಇವಕ್ಕೂ ಇದೇ ಇಬ್ಬಗೆ: ಉಸಿರು, ಗಾಳಿ, ಚೇತನ ಎಲ್ಲವೂ ಒಂದೇ ಪದದೊಳಗೆ. ಸಂಸ್ಕೃತದ ‘ಅನ್’ ಎಂಬ ಧಾತುವಿಗೆ ಉಸಿರಾಡು ಎಂದು ಅರ್ಥ. ಅದರಿಂದ ಪ್ರಾಣ ಬಂತು, ಗಾಳಿಯ ಹೆಸರಾದ ಅನಿಲವೂ ಬಂತು. ಗ್ರೀಕಿನಲ್ಲಿ ಗಾಳಿಗೆ ಹೇಳುವ ಅನೆಮೊಸ್, ಲ್ಯಾಟಿನ್ನಿನಲ್ಲಿ ಜೀವಕ್ಕೆ ಹೇಳುವ ಅನಿಮ, ಇವೆಲ್ಲ ಅದರ ದಾಯಾದಿಗಳೇ. ಹೊರಗಿನ ಗಾಳಿಯನ್ನೂ ಒಳಗಿನ ಜೀವವನ್ನೂ ಬೇರೆಬೇರೆಯಾಗಿ ಹೆಸರಿಸಬೇಕು ಎಂದು ಈ ಮಾತುಗಳನ್ನು ಆಡಿದವರಿಗೆ ತೋಚಲೇ ಇಲ್ಲ.

ಋಗ್ವೇದದ ಹತ್ತನೇ ಮಂಡಲದ 168ನೇ ಸೂಕ್ತ ವಾತನನ್ನು, ಅಂದರೆ ಗಾಳಿಯನ್ನು ಕುರಿತದ್ದು. ಬರೀ ನಾಲ್ಕು ಋಕ್ಕು. ಗುಡುಗುತ್ತ, ಮುರಿಯುತ್ತ, ಧೂಳೆಬ್ಬಿಸುತ್ತ ರಥ ಬರುತ್ತದೆ. ಇವನು ಎಲ್ಲಿ ಹುಟ್ಟಿದ, ಎಲ್ಲಿಂದ ಬಂದ ಎಂದು ಕವಿ ಕೇಳುತ್ತಾನೆ. ಕೊನೆಗೆ ‘ಘೋಷಾ ಇದಸ್ಯ ಶೃಣ್ವಿರೇ ನ ರೂಪಂ’: ಇವನ ಸದ್ದಷ್ಟೇ ಕೇಳುತ್ತದೆ, ರೂಪ ಕಾಣದು. ಕಾಣದವನಿಗೇ ಹವಿಸ್ಸು ಕೊಡೋಣ ಎಂದು ಸೂಕ್ತ ಮುಗಿಯುತ್ತದೆ. ಅದೇ ಮಂಡಲದಲ್ಲಿ ಮುಂದೆ, 186ನೇ ಸೂಕ್ತದಲ್ಲಿ, ಇದೇ ವಾತನನ್ನು ಮದ್ದು ಬೀಸಿ ತಾ ಎಂದು ಬೇಡಿಕೊಳ್ಳುತ್ತಾರೆ. ನಿನ್ನ ಮನೆಯಲ್ಲಿ ಅಮೃತದ ನಿಧಿ ಇಟ್ಟಿದೆಯಲ್ಲ, ಅದರಲ್ಲಿ ನಮ್ಮ ಬದುಕಿಗೆ ಒಂದಿಷ್ಟು ಕೊಡು ಎಂಬುದು ಆ ಬೇಡಿಕೆ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಎದ್ದುಹೋದೆ. ಏಳು ವರ್ಷದ ಮಗು ಪರದೆಯ ಕಡೆ ನೋಡುತ್ತ ಕೇಳಿಕೊಂಡದ್ದು ಅದನ್ನೇ.

ಮಾರುತಿಯ ಕಥೆ ನಮಗೆಲ್ಲ ಗೊತ್ತು, ಆದರೆ ಅದರ ನಡುವಿನ ಒಂದು ಭಾಗವನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಮಗು ಸೂರ್ಯನನ್ನು ಹಣ್ಣೆಂದು ಹಿಡಿಯಲು ಹಾರುತ್ತದೆ, ಇಂದ್ರ ವಜ್ರಾಯುಧದಿಂದ ಹೊಡೆಯುತ್ತಾನೆ, ಎಡದವಡೆ ಮುರಿದು ಮಗು ಬೀಳುತ್ತದೆ. ಆಮೇಲೆ ವಾಯು ಏನು ಮಾಡಿದ? ಅವನು ಬಿರುಗಾಳಿಯಾಗಿ ಸ್ವರ್ಗದ ಮೇಲೆ ಏರಿಹೋಗಲಿಲ್ಲ. ಮಗುವನ್ನು ಎತ್ತಿಕೊಂಡು ಗುಹೆಯೊಳಗೆ ಹೋಗಿ ಕೂತುಬಿಟ್ಟ. ಅಷ್ಟೇ. ರಾಮಾಯಣದ ಉತ್ತರಕಾಂಡ ಮುಂದಿನದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಜೀವಿಗಳ ಉಸಿರು ನಿಂತಿತು, ಕೀಲುಗಳು ಬಿಗಿದವು, ಮೈ ಕಟ್ಟಿಗೆಯ ಹಾಗಾಯಿತು, ಮಲಮೂತ್ರ ಕಟ್ಟಿತು. ದೇವತೆಗಳೇ ಹೊಟ್ಟೆ ಉಬ್ಬರಿಸಿಕೊಂಡು ಬ್ರಹ್ಮನ ಮುಂದೆ ಕೈಮುಗಿದು ನಿಂತರು.

ಉಬ್ಬಿದ ಹೊಟ್ಟೆಯ ದೇವತೆಗಳು ಎಂಬ ಈ ಚಿತ್ರವನ್ನು ಬರೆದವರಿಗೆ ಉಸಿರುಕಟ್ಟುವುದು ಏನೆಂದು ಮೈಯಲ್ಲೇ ಗೊತ್ತಿತ್ತು. ಗಾಳಿ ಇಲ್ಲವಾದಾಗ ಅವರು ಬರಿದಾಗಲಿಲ್ಲ, ತುಂಬಿಕೊಂಡರು. ಚಲಿಸದೆ ನಿಂತ ಗಾಳಿಯಿಂದ ತುಂಬಿಕೊಂಡರು. ಬ್ರಹ್ಮ ಬಂದು ಮಗುವಿನ ಮೈ ಮುಟ್ಟಿದ ಮೇಲೆಯೇ ಅಪ್ಪ ಎದ್ದದ್ದು, ಲೋಕದ ಎದೆ ಇಳಿದದ್ದು. ವಾಯುವಿನ ಸಿಟ್ಟು ಬೀಸಿ ಕೆಡವುವುದರಲ್ಲಿ ಇರಲಿಲ್ಲ, ಬೀಸದೆ ಕೂರುವುದರಲ್ಲಿತ್ತು. ನನ್ನ ಮಟ್ಟಿಗೆ ಗಾಳಿದೇವತೆಯ ಬಗ್ಗೆ ಇದಕ್ಕಿಂತ ಭಯಂಕರವಾದ ಕಥೆ ಎಲ್ಲೂ ಇಲ್ಲ.

ಈಗ ಚೀಲದ ಮಾತಿಗೆ ಬರುತ್ತೇನೆ.

ಹೋಮರನ ಒಡಿಸ್ಸಿಯಲ್ಲಿ ಗಾಳಿಗಳ ಉಸ್ತುವಾರಿ ನೋಡಿಕೊಳ್ಳುವ ಈಯೊಲಸ್ ತೇಲುವ ದ್ವೀಪವೊಂದರಲ್ಲಿ ಇರುತ್ತಾನೆ. ಸುತ್ತ ಕಂಚಿನ ಗೋಡೆ. ಟ್ರಾಯ್ ಯುದ್ಧ ಮುಗಿಸಿ ಮನೆಗೆ ಮರಳುತ್ತಿರುವ ಒಡಿಸ್ಯೂಸನನ್ನು ತಿಂಗಳು ಪೂರ್ತಿ ಉಪಚರಿಸಿ, ಹೊರಡುವಾಗ ಒಂಬತ್ತು ವರ್ಷದ ಎತ್ತಿನ ಚರ್ಮದಿಂದ ಮಾಡಿದ ಚೀಲವನ್ನು ಕೊಡುತ್ತಾನೆ. ಅದರೊಳಗೆ ಅಬ್ಬರದ ಗಾಳಿಗಳೆಲ್ಲ ಬಂದಿ. ಬಾಯಿಗೆ ಬೆಳ್ಳಿಯ ದಾರ, ಒಂದಿಷ್ಟೂ ಸೋರದ ಹಾಗೆ. ಪಡುವಣ ಗಾಳಿಯೊಂದನ್ನು ಮಾತ್ರ ಹೊರಗೆ ಬಿಟ್ಟಿದ್ದಾನೆ, ಹಡಗನ್ನು ಮನೆಗೆ ಮುಟ್ಟಿಸಲು. ಒಂಬತ್ತು ದಿನ ಒಡಿಸ್ಯೂಸ್ ಹಾಯಿಯ ಹಗ್ಗವನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದು ಕೂತ. ಹತ್ತನೇ ದಿನ ತಾಯ್ನೆಲ ಕಂಡಿತು. ದಡದಲ್ಲಿ ಬೆಂಕಿ ಹಚ್ಚಿಕೊಂಡವರು ಕಾಣುವಷ್ಟು ಹತ್ತಿರ. ಅಲ್ಲಿ ಅವನಿಗೆ ನಿದ್ದೆ ಹತ್ತಿತು. ಚೀಲದಲ್ಲಿ ಬೆಳ್ಳಿ ಬಂಗಾರ ಇದೆ, ನಮಗೆ ಪಾಲಿಲ್ಲ ಎಂದು ಜೊತೆಯವರು ಗಂಟು ಬಿಚ್ಚಿದರು.

ಇದನ್ನು ದುರಾಸೆಯ ಕಥೆ ಎಂದು ಹೇಳುವವರು ಹೆಚ್ಚು. ನಾನು ಒಪ್ಪುವುದಿಲ್ಲ. ಹತ್ತು ದಿನ ಒಂದೇ ಹಡಗಿನಲ್ಲಿ ಇದ್ದವರಿಗೆ ಆ ಚೀಲದಲ್ಲಿ ಏನಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಡಿಸ್ಯೂಸ್ ಗಾಳಿಯನ್ನೂ ಕಟ್ಟಿಟ್ಟ, ಮಾತನ್ನೂ ಕಟ್ಟಿಟ್ಟ, ನಿದ್ದೆಯನ್ನೂ ಒಂಬತ್ತು ರಾತ್ರಿ ಕಟ್ಟಿಟ್ಟ. ಮೂರೂ ಒಂದೇ ಹೊತ್ತಿಗೆ ಬಿಚ್ಚಿಕೊಂಡವು. ಗಾಳಿ ಅವರನ್ನು ಮತ್ತೆ ಈಯೊಲಸನ ಬಾಗಿಲಿಗೇ ತಂದು ಹಾಕಿತು. ದೇವರಿಗೆ ಬೇಡವಾದವನಿಗೆ ಸಹಾಯ ಮಾಡಲಾರೆ ಎಂದು ಅವನು ಅಟ್ಟಿಬಿಟ್ಟ.

ಇನ್ನೊಂದು ಚೀಲದ ಕಥೆ ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತು, ನನಗೆ ಇನ್ನೂ ಹತ್ತಿರ. ‘ಸೊಲೊಮೋನನ ಒಡಂಬಡಿಕೆ’ ಎಂಬ ಹಳೆಯ ಗ್ರೀಕ್ ಗ್ರಂಥದಲ್ಲಿ ಅರಬರ ದೊರೆಯೊಬ್ಬ ಇಸ್ರಾಯೇಲಿನ ದೊರೆ ಸೊಲೊಮೋನನಿಗೆ ಪತ್ರ ಬರೆಯುತ್ತಾನೆ. ನಮ್ಮಲ್ಲಿ ದಿನಾ ನಸುಕಿನಲ್ಲಿ ಎದ್ದು ಹೊತ್ತೇರುವ ತನಕ ಬೀಸುವ ಒಂದು ಗಾಳಿಭೂತ ಇದೆ, ಮನುಷ್ಯರನ್ನೂ ದನಕರುಗಳನ್ನೂ ಕೊಲ್ಲುತ್ತಿದೆ, ಕಾಪಾಡಿ ಎಂದು. ಯೆರೂಸಲೇಮಿನಲ್ಲಿ ದೇವಾಲಯ ಏಳುತ್ತಿರುತ್ತದೆ. ಸೊಲೊಮೋನ ಸೈನ್ಯವನ್ನು ಕಳಿಸುವುದಿಲ್ಲ. ಒಬ್ಬ ಹುಡುಗನ ಕೈಗೆ ಚರ್ಮದ ಬುದ್ದಲಿಯನ್ನೂ ತನ್ನ ಮುದ್ರೆಯುಂಗುರವನ್ನೂ ಕೊಟ್ಟು ಕಳಿಸುತ್ತಾನೆ. ಹುಡುಗ ನಸುಕಿನಲ್ಲಿ ಎದ್ದು ಗಾಳಿ ಬರುವ ದಿಕ್ಕಿಗೆ ಬುದ್ದಲಿಯ ಬಾಯಿ ಹಿಡಿದು ನಿಲ್ಲುತ್ತಾನೆ. ಗಾಳಿ ನುಗ್ಗುತ್ತದೆ, ಚರ್ಮ ಉಬ್ಬಿ ಸೆಟೆದು ನಿಲ್ಲುತ್ತದೆ. ಬಾಯಿ ಬಿಗಿದು ಮುದ್ರೆ ಒತ್ತುತ್ತಾನೆ. ಗಾಳಿ ಬಿತ್ತೋ ಇಲ್ಲವೋ ಎಂದು ನೋಡಲು ಮೂರು ದಿನ ಅಲ್ಲೇ ಉಳಿಯುತ್ತಾನೆ.

ಆ ಮೂರು ದಿನಗಳನ್ನು ನಾನು ಬಹಳ ಸಲ ಊಹಿಸಿಕೊಂಡಿದ್ದೇನೆ. ಊರಿಡೀ ಹೆದರಿದ ಗಾಳಿಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ ಹುಡುಗ. ನಸುಕಿಗೆ ಕಣ್ಣು ಬಿಟ್ಟರೆ ಎಲೆಯೂ ಅಲುಗದ ಬಯಲು. ಮುಂದಿನ ವಿವರವೂ ಮರೆಯುವಂಥದ್ದಲ್ಲ. ಬುದ್ದಲಿಯನ್ನು ದೇವಾಲಯಕ್ಕೆ ತಂದಿಟ್ಟ ಮಾರನೇ ದಿನ ಅದು ತಾನೇ ಎದ್ದು ಏಳು ಹೆಜ್ಜೆ ನಡೆದು ದೊರೆಯ ಮುಂದೆ ಬೋರಲು ಬೀಳುತ್ತದೆ. ಒಳಗಿನಿಂದ ದನಿ ಬರುತ್ತದೆ. ಹೆಸರು ಕೇಳಿದರೆ ಎಫಿಪ್ಪಸ್ ಅನ್ನುತ್ತದೆ. ಕೆಲಸಗಾರರೂ ಸೊಲೊಮೋನ ದುಡಿಸಿಕೊಳ್ಳುತ್ತಿದ್ದ ದೆವ್ವಗಳೂ ಸೇರಿ ಅಲುಗಿಸಲಾಗದೆ ಬಿಟ್ಟಿದ್ದ ಮೂಲೆಗಲ್ಲನ್ನು ಆ ಗಾಳಿಭೂತ ಎತ್ತಿ ಅದರ ಜಾಗದಲ್ಲಿ ಕೂರಿಸುತ್ತದೆ. ಎತ್ತುವ ಗಾಳಿ ಎಂದಾಗ ನನಗೆ ಕೇನೋಪನಿಷತ್ತಿನ ವಾಯುವೂ ನೆನಪಾಗುತ್ತಾನೆ. ಭೂಮಿಯ ಮೇಲಿರುವುದನ್ನೆಲ್ಲ ಹೊತ್ತೊಯ್ಯಬಲ್ಲೆ ಎಂದವನ ಮುಂದೆ ಯಕ್ಷ ಒಂದು ಹುಲ್ಲುಕಡ್ಡಿ ಇಡುತ್ತಾನೆ. ಇದ್ದಬದ್ದ ಬಲವೆಲ್ಲ ಹಾಕಿದರೂ ಅದು ಅಲುಗುವುದಿಲ್ಲ.

ಚೀಲ ಬಟ್ಟೆಯಿಂದ ಹುಟ್ಟಿತು ಎಂದರೆ ನಂಬುತ್ತೀರಾ? ಕನಿಷ್ಕನ ನಾಣ್ಯಗಳ ಮೇಲೆ ಓಡುತ್ತಿರುವ ಒಬ್ಬ ದೇವತೆ ಇದ್ದಾನೆ. ಗ್ರೀಕ್ ಲಿಪಿಯಲ್ಲಿ ‘ಓಅಡೊ’ ಎಂದು ಬರೆದಿದೆ, ಕುಷಾಣರ ಗಾಳಿದೇವರು. ಕೆದರಿದ ಕೂದಲು, ಎರಡೂ ಕೈಯಲ್ಲಿ ಹಿಡಿದ ಮೇಲ್ವಸ್ತ್ರ ಹಿಂದೆ ಕಮಾನಾಗಿ ಉಬ್ಬಿದೆ. ಅಫ್ಘಾನಿಸ್ತಾನದ ಬಾಮಿಯಾನಿನ 38 ಮೀಟರ್ ಎತ್ತರದ ಬುದ್ಧನ ತಲೆಯ ಮೇಲಿನ ಚಾವಣಿಯಲ್ಲೂ ಹೀಗೆ ಉಬ್ಬಿದ ಬಟ್ಟೆ ಹಿಡಿದ ಗಾಳಿದೇವತೆಗಳಿದ್ದರು. 2001ರಲ್ಲಿ ಬುದ್ಧನ ಜೊತೆ ಅವರೂ ಸಿಡಿದುಹೋದರು. ಮಧ್ಯ ಏಷ್ಯಾದ ಗುಹೆಚಿತ್ರಗಳನ್ನೂ ಚೀನಾವನ್ನೂ ದಾಟಿ ಜಪಾನಿಗೆ ಹೋಗುವಷ್ಟರಲ್ಲಿ ಆ ಉಬ್ಬಿದ ಬಟ್ಟೆ ಚೀಲವಾಗಿತ್ತು ಎಂದು ಕಲೆಯ ಇತಿಹಾಸ ಬರೆದವರು ಗುರುತಿಸುತ್ತಾರೆ. 17ನೇ ಶತಮಾನದಲ್ಲಿ ತವರಾಯ ಸೊತಾತ್ಸು ಬರೆದ, ಕ್ಯೋಟೋದ ಕೆನ್ನಿನ್-ಜಿ ದೇಗುಲಕ್ಕೆ ಸೇರಿದ ಬಂಗಾರದ ಹಿನ್ನೆಲೆಯ ಮಡಿಕೆ ಪರದೆಗಳ ಮೇಲೆ ಹಸಿರು ಮೈಯ ಗಾಳಿದೇವರು ಫೂಜಿನ್ ನಗುತ್ತ ಓಡಿಬರುತ್ತಾನೆ. ಚೀಲದ ಎರಡೂ ತುದಿ ಅವನ ಮುಷ್ಟಿಯಲ್ಲಿ. ಆ ಮುಷ್ಟಿ ಬಿಗಿಯೋ ಸಡಿಲವೋ ಹೇಳಲು ಬರುವುದಿಲ್ಲ. ಅಂತೂ ಗಾಳಿದೇವತೆಯನ್ನು ನಾನು ಮೊದಲು ಕಂಡದ್ದು ಉಬ್ಬಿದ ಪರದೆಯಲ್ಲಿ, ಕುಷಾಣರ ಅಚ್ಚಿನವನು ಅವನನ್ನು ಕಂಡದ್ದು ಉಬ್ಬಿದ ಮೇಲುಹೊದಿಕೆಯಲ್ಲಿ. ರೂಪವಿಲ್ಲದವನಿಗೆ ಬಟ್ಟೆಯೇ ಮೈ.

ಹವಾಯಿಯವರು ಸೋರೆಬುರುಡೆ ಇಟ್ಟುಕೊಂಡಿದ್ದರು. ಗಾಳಿಯನ್ನು ಆಳುತ್ತಿದ್ದ ಪೂರ್ವಜೆಯೊಬ್ಬಳ ಮೂಳೆಗಳು ಅದರೊಳಗೆ. ಲಾಅಮಾಓಮಾಓ ಎಂಬ ಹೆಸರು ಆ ಬುರುಡೆಗೆ ಅಂಟಿಕೊಂಡಿದೆ. ಮುಚ್ಚಳ ತೆಗೆದರೆ ಸಾಲದು, ಒಂದೊಂದು ಕಣಿವೆಯ, ಒಂದೊಂದು ಕರಾವಳಿಯ ಗಾಳಿಗೂ ಬೇರೆ ಬೇರೆ ಹೆಸರಿದೆ, ಆ ಹೆಸರು ಹಿಡಿದು ಹಾಡಿ ಕರೆಯಬೇಕು. ಯುರೋಪಿನ ಬಡಗಣ ಕಡಲಿನಲ್ಲಿ ಗಾಳಿ ಮಾರುವವರಿದ್ದರು. 1555ರಲ್ಲಿ ರೋಮಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಸ್ವೀಡನ್ನಿನ ಓಲಾಸ್ ಮಾಗ್ನಸ್ ಈ ವ್ಯಾಪಾರವನ್ನು ವರ್ಣಿಸಿದ್ದಾನೆ. ನಾವಿಕನಿಗೆ ಮೂರು ಗಂಟಿನ ಹಗ್ಗ ಸಿಗುತ್ತಿತ್ತು. ಮೊದಲನೆಯದನ್ನು ಬಿಚ್ಚಿದರೆ ತೆಳುಗಾಳಿ, ಎರಡನೆಯದಕ್ಕೆ ಜೋರು ಗಾಳಿ, ಮೂರನೆಯದನ್ನು ಬಿಚ್ಚಿದವನಿಗೆ ಬಿರುಗಾಳಿ. ನಿಂತ ಸಮುದ್ರದ ನಡುವೆ ಜೋತುಬಿದ್ದ ಹಾಯಿಯ ಕೆಳಗೆ ಕೂತವನಿಗೆ ಹಗ್ಗದ ಆ ಮೂರು ಉಬ್ಬುಗಳು ಬೆರಳಿಗೆ ತಾಗುತ್ತಿದ್ದಾಗ ಏನನ್ನಿಸಿರಬೇಕು! ‘ಗಾಳಿ ಬಂದಾಗ ತೂರಿಕೋ’ ಅನ್ನುವ ನಮ್ಮ ಗಾದೆ ಕಾಯುವವರ ಗಾದೆ. ಆ ನಾವಿಕರಿಗೆ ಕಾಯಲು ಆಗುತ್ತಿರಲಿಲ್ಲ.

ಕಟ್ಟುವ ಆಸೆ ಪ್ರೀತಿಯ ಜೊತೆ ಸೇರಿದರೆ ಏನಾಗುತ್ತದೆ ಎಂದು ತೋರಿಸಿದ್ದು ಒಂದು ನೃತ್ಯನಾಟಕ. ಸಿಲ್ಫ್ ಎಂಬ ಗಾಳಿಜೀವಿಗೆ ಆ ಹೆಸರು ಕೊಟ್ಟವನು 1541ರಲ್ಲಿ ತೀರಿಕೊಂಡ ವೈದ್ಯ ಪಾರಸೆಲ್ಸಸ್. ಭೂಮಿ, ನೀರು, ಬೆಂಕಿ, ಗಾಳಿ ನಾಲ್ಕಕ್ಕೂ ಒಂದೊಂದು ಬಗೆಯ ಜೀವಿಗಳನ್ನು ಹಂಚಿದವನು ಅವನು. ಅವನ ಸಿಲ್ಫ್‌ಗಳು ಒರಟು ಮೈಯ, ಎತ್ತರದ, ಬಲಿಷ್ಠ ಜೀವಿಗಳು. ಅವು ತೆಳ್ಳಗೆ, ಬೆಳ್ಳಗೆ, ರೆಕ್ಕೆಯ ಹುಡುಗಿಯರಾದದ್ದು ಆಮೇಲಿನವರ ಕೈಯಲ್ಲಿ. 1832ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ‘ಲಾ ಸಿಲ್ಫೀಡ್’ ಬಂದಾಗ ನರ್ತಕಿ ಮರೀ ತಾಲ್ಯೋನಿ ಕಾಲ್ಬೆರಳ ತುದಿಯ ಮೇಲೆ ನಿಂತು ನೆಲಕ್ಕೆ ಭಾರವಾಗದ ಜೀವಿಯನ್ನು ತೋರಿಸಿದಳು. ಕಥೆಯಲ್ಲಿ ಜೇಮ್ಸ್ ಎಂಬ ತರುಣ ತನ್ನ ಮದುವೆಯ ದಿನವೇ ಮನೆ ಬಿಟ್ಟು ಸಿಲ್ಫೀಡಳ ಹಿಂದೆ ಕಾಡಿಗೆ ಓಡುತ್ತಾನೆ. ಹತ್ತಿರ ಹೋದರೆ ಜಾರುತ್ತಾಳೆ, ಕೈಗೆ ಸಿಗುವುದಿಲ್ಲ. ಮಾಟಗಾತಿಯೊಬ್ಬಳು ಅವನಿಗೆ ಒಂದು ಶಾಲು ಕೊಡುತ್ತಾಳೆ, ಇದನ್ನು ಸುತ್ತು, ಅವಳು ನಿನ್ನವಳಾಗುತ್ತಾಳೆ ಎಂದು. ಅವನು ಸುತ್ತುತ್ತಾನೆ. ಅವಳ ಎರಡು ಪುಟ್ಟ ರೆಕ್ಕೆಗಳು ಕಳಚಿ ನೆಲಕ್ಕೆ ಬೀಳುತ್ತವೆ. ಅವಳು ಅವನ ಕಣ್ಣೆದುರೇ ಸಾಯುತ್ತಾಳೆ.

ಅವನಲ್ಲಿ ಕೆಟ್ಟತನ ಒಂದಿಷ್ಟೂ ಇಲ್ಲ, ಅದೇ ನನ್ನನ್ನು ಕಾಡುವುದು. ತಬ್ಬಿಕೊಳ್ಳಬೇಕು ಎಂದಷ್ಟೇ ಅವನಿಗಿದ್ದದ್ದು.

ರೆಕ್ಕೆ ಮುರಿಯುವ ಕಥೆ ಇದಕ್ಕಿಂತ ಮೂರು ಸಾವಿರ ವರ್ಷ ಹಳೆಯದೂ ಒಂದಿದೆ. ಮೆಸೊಪೊಟೇಮಿಯಾದ ಎರಿದು ನಗರದ ಜ್ಞಾನಿ ಅದಪ ಮೀನು ಹಿಡಿಯುತ್ತಿದ್ದಾಗ ತೆಂಕಣ ಗಾಳಿ ಅವನ ದೋಣಿಯನ್ನು ಮಗುಚುತ್ತದೆ. ನಿನ್ನ ರೆಕ್ಕೆ ಮುರಿಯುತ್ತೇನೆ ಎಂದು ಅವನು ಶಪಿಸುತ್ತಾನೆ. ಬಾಯಿಂದ ಮಾತು ಹೊರಬಿದ್ದದ್ದೇ ತಡ, ರೆಕ್ಕೆ ಮುರಿಯುತ್ತದೆ. ಏಳು ದಿನ ಆ ನಾಡಿನ ಮೇಲೆ ಗಾಳಿ ಬೀಸುವುದಿಲ್ಲ. ಆಕಾಶದ ದೊರೆ ಅನು ವಿಚಾರಣೆಗೆ ಕರೆಸುತ್ತಾನೆ, ಮನಸ್ಸು ಕರಗಿ ಅಮರತ್ವದ ಅನ್ನವನ್ನೂ ನೀರನ್ನೂ ಮುಂದಿಡುತ್ತಾನೆ. ಅಲ್ಲಿ ಕೊಡುವುದು ಸಾವಿನ ಅನ್ನ, ತಿನ್ನಬೇಡ ಎಂದು ತನ್ನ ದೇವರು ಮೊದಲೇ ಹೇಳಿ ಕಳಿಸಿದ್ದರಿಂದ ಅದಪ ಮುಟ್ಟುವುದಿಲ್ಲ. ಹಾಗೆ ಅಮರನಾಗುವ ಅವಕಾಶ ಕೈತಪ್ಪುತ್ತದೆ. ಗಾಳಿಯನ್ನು ಮಾತಿನಿಂದಲೇ ನಿಲ್ಲಿಸಬಲ್ಲವನು ತನ್ನ ಉಸಿರು ಒಂದು ದಿನ ನಿಲ್ಲುವುದನ್ನು ತಪ್ಪಿಸಿಕೊಳ್ಳಲಿಲ್ಲ. ಈ ಎರಡನ್ನೂ ಒಂದೇ ಕಥೆಯಲ್ಲಿ ಹೆಣೆದವರ ಹೆಸರು ಉಳಿದಿಲ್ಲ, ಜೇಡಿಮಣ್ಣಿನ ಹಲಗೆಗಳು ಮಾತ್ರ ಉಳಿದಿವೆ.

ಕಟ್ಟದೆ ಬಿಟ್ಟವರೂ ಇದ್ದರು. ಅವರ ಬಗ್ಗೆ ಬರೆಯುವಾಗ ನನಗೆ ನಿಜಕ್ಕೂ ಎದೆ ಹಗುರಾಗುತ್ತದೆ.

ಅಥೆನ್ಸಿನವರು ಬಡಗಣ ಗಾಳಿಯನ್ನು ಅಳಿಯ ಎಂದು ಕರೆದರು. ಬೋರಿಯಾಸ್ ಎಂಬ ಆ ಗಾಳಿ ತಮ್ಮ ದೊರೆಯ ಮಗಳು ಒರೈಥಿಯಾಳನ್ನು ಎತ್ತಿಕೊಂಡು ಹೋಗಿದ್ದ, ಹಾಗಾಗಿ ನಂಟು. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯದ ನೌಕಾಪಡೆ ಬಂದಾಗ ‘ಅಳಿಯನನ್ನು ಕರೆಯಿರಿ’ ಎಂದು ದೇವವಾಣಿ ಆಯಿತಂತೆ. ಅವರು ಕರೆದರು. ಬಿರುಗಾಳಿ ಎದ್ದು ಕಡಿಮೆಯೆಂದರೂ 400 ಹಡಗುಗಳನ್ನು ಒಡೆಯಿತು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಊರಿಗೆ ಮರಳಿ ಇಲಿಸಸ್ ನದಿಯ ದಡದಲ್ಲಿ ಅಳಿಯನಿಗೆ ಗುಡಿ ಕಟ್ಟಿಸಿದರು. ಮುಂದೆ ಅದೇ ನಗರದಲ್ಲಿ ಎದ್ದ ಎಂಟು ಮೂಲೆಯ ಅಮೃತಶಿಲೆಯ ಗೋಪುರದ ಮೇಲೆ ಎಂಟು ಗಾಳಿಗಳೂ ರೆಕ್ಕೆ ಬಿಚ್ಚಿ ಹಾರುತ್ತಿವೆ, ಇಂದಿಗೂ. ಪಡುವಣ ಗಾಳಿಯ ಮಡಿಲ ತುಂಬ ಹೂವು, ತೆಂಕಣ ಗಾಳಿಯ ಕೈಯಲ್ಲಿ ನೀರಿನ ಕೊಡ.

ಮೆಕ್ಸಿಕೋದ ನಹುವಾ ಜನರ ಗಾಳಿದೇವರು ಎಹೆಕಾತ್ಲ್. ಮುಖಕ್ಕೆ ಕೊಕ್ಕಿನ ಮುಖವಾಡ, ಎದೆಯ ಮೇಲೆ ಅಡ್ಡ ಕೊಯ್ದ ಶಂಖ. ಈಗಿನ ಯುಗದ ಸೂರ್ಯನಾದ ಐದನೇ ಸೂರ್ಯ ಹುಟ್ಟಿಯೂ ಅಲುಗದೆ ನಿಂತಾಗ ದೇವತೆಗಳು ತಮ್ಮನ್ನೇ ಬಲಿಕೊಟ್ಟುಕೊಂಡರು, ಆದರೂ ಸೂರ್ಯ ಹೊರಡಲಿಲ್ಲ. ಎಹೆಕಾತ್ಲ್ ಬಲವಾಗಿ ಊದಿದ ಮೇಲೆಯೇ ಅವನು ಚಲಿಸಿದ್ದು. ಉಳಿದ ದೇವರುಗಳಿಗೆ ಚೌಕದ ಮೆಟ್ಟಿಲುಗುಡಿ ಕಟ್ಟುತ್ತಿದ್ದ ಆ ಜನ ಇವನಿಗೆ ದುಂಡಗಿನ ಗುಡಿ ಕಟ್ಟಿದರು. ಗಾಳಿಗೆ ಮೂಲೆ ತಾಗಬಾರದು, ಅದು ಸುತ್ತಿಕೊಂಡು ಹೋಗಲು ದಾರಿ ಇರಬೇಕು ಎಂಬುದು ಇದಕ್ಕೆ ಕೊಡುವ ವಿವರಣೆ. 1967ರಲ್ಲಿ ಮೆಕ್ಸಿಕೋ ನಗರದಲ್ಲಿ ಮೆಟ್ರೋಗಾಗಿ ಅಗೆಯುವಾಗ ಅಂಥ ಒಂದು ಪುಟ್ಟ ದುಂಡುಗುಡಿ ಸಿಕ್ಕಿತು. ಅದನ್ನು ಕೀಳದೆ ಪೀನೊ ಸ್ವಾರೆಸ್ ನಿಲ್ದಾಣದ ನಡುವೆಯೇ ಉಳಿಸಿಕೊಂಡರು. ಇವತ್ತಿಗೂ ಜನ ಅದನ್ನು ಬಳಸಿಕೊಂಡು ನಡೆದುಹೋಗುತ್ತಾರೆ, ಗಾಳಿಯ ಹಾಗೆ.

ಇರಾನಿನ ದಕ್ಷಿಣ ಕರಾವಳಿಯಲ್ಲಿ ಮೈಮೇಲೆ ಬರುವ ಜೀವಗಳಿಗೆ ‘ಬಾದ್’ ಎಂದೇ ಹೆಸರು. ಬಾದ್ ಅಂದರೆ ಗಾಳಿ. ಅವುಗಳಲ್ಲೊಂದು ಝಾರ್, ಆಫ್ರಿಕಾದ ಪೂರ್ವ ದಡದಿಂದ ಕಡಲು ದಾಟಿ ಬಂದದ್ದು. ಗಾಳಿ ಹೊಕ್ಕವರನ್ನು ಬಾಬಾ ಅಥವಾ ಮಾಮಾ ಎನ್ನಿಸಿಕೊಂಡವರ ಬಳಿ ಕರೆತರುತ್ತಾರೆ. ತಮಟೆ, ಹಾಡು, ರಾತ್ರಿಯಿಡೀ ಕೂಟ. ಇಲ್ಲಿ ಗಾಳಿಯನ್ನು ಓಡಿಸುವುದಿಲ್ಲ. ನಿನಗೇನು ಬೇಕು ಎಂದು ಕೇಳುತ್ತಾರೆ, ಒಪ್ಪಂದಕ್ಕೆ ಬರುತ್ತಾರೆ, ಗಾಳಿ ಶಾಂತವಾಗಿ ಅವರ ಮೈಯಲ್ಲೇ ಇರುತ್ತದೆ. ಅಂದಿನಿಂದ ಅವರು ‘ಅಹ್ಲೆ ಹವಾ’, ಗಾಳಿಯ ಮನೆಯವರು. ಕಾಯಿಲೆಯ ಜೊತೆ ಬದುಕಿದವರು ಇದನ್ನು ಓದಿದರೆ ಅರ್ಥ ಹೇಳಬೇಕಾಗಿಲ್ಲ. ನನ್ನ ದಮ್ಮೂ ನನ್ನನ್ನು ಬಿಟ್ಟುಹೋಗಲಿಲ್ಲ. ಯಾವ ಧೂಳು, ಯಾವ ಹೊತ್ತು, ಯಾವ ಮಳೆಗಾಲ ಅದಕ್ಕೆ ಆಗದು ಎಂದು ಕೇಳಿ ತಿಳಿದುಕೊಳ್ಳುತ್ತ ನಾವಿಬ್ಬರೂ ಒಟ್ಟಿಗೆ ದೊಡ್ಡವರಾದೆವು.

ಪಝೂಝುವನ್ನು ಬಿಟ್ಟು ಮುಂದೆ ಹೋಗಲಾರೆ. ಅಸ್ಸೀರಿಯದ ಕೆಟ್ಟ ಗಾಳಿಗಳ ದೊರೆ ಅವನು. ಲೂವ್ರ್ ಸಂಗ್ರಹಾಲಯದಲ್ಲಿ ಅವನ ಕಂಚಿನ ಮೂರ್ತಿ ಇದೆ, ಎತ್ತರ ಬರೀ 15 ಸೆಂಟಿಮೀಟರ್. ನಾಲ್ಕು ರೆಕ್ಕೆ, ಹಕ್ಕಿಯ ಉಗುರು, ಚೇಳಿನ ಬಾಲ, ಹಲ್ಲು ಕಿರಿದ ಮೃಗದ ಮುಖ. ಬೆನ್ನಿನ ಮೇಲೆ ‘ನಾನು ಹನ್ಬುವಿನ ಮಗ ಪಝೂಝು, ಕೆಟ್ಟ ಗಾಳಿಭೂತಗಳ ಒಡೆಯ’ ಎಂಬರ್ಥದ ಬರಹ. ನೆತ್ತಿಯ ಮೇಲೆ ಒಂದು ಪುಟ್ಟ ಬಳೆ, ನೇತುಹಾಕಲು. ಬಸುರಿಯರನ್ನೂ ಹಸುಗೂಸುಗಳನ್ನೂ ಕಾಡುವ ಲಮಶ್ತು ಎಂಬ ದೆವ್ವವನ್ನು ಹಿಮ್ಮೆಟ್ಟಿಸುವವನು ಇವನೇ ಎಂದು ಅವರ ನಂಬಿಕೆ. ಹಾಗಾಗಿ ಇವನ ಮುಖದ ತಾಯಿತಗಳನ್ನು ಮಾಡಿಟ್ಟುಕೊಂಡರು. ಕೆಟ್ಟ ಗಾಳಿಯ ಒಡೆಯನನ್ನು ತೊಟ್ಟಿಲ ಹತ್ತಿರಕ್ಕೆ ಕರೆತಂದು, ಈ ಮಗುವನ್ನು ನೋಡಿಕೋ ಎಂದ ತಾಯಂದಿರನ್ನು ನೆನೆದರೆ ಗಂಟಲು ತುಂಬಿ ಬರುತ್ತದೆ. ಅವನನ್ನು ಕಟ್ಟುವ ಹಗ್ಗ ಅವರ ಬಳಿ ಇರಲಿಲ್ಲ. ಅವನ ಕೈಗೆ ತಮ್ಮ ಕೂಸನ್ನು ಕೊಟ್ಟರು.

ಛಾಂದೋಗ್ಯ ಉಪನಿಷತ್ತಿನಲ್ಲಿ ಇಂದ್ರಿಯಗಳೆಲ್ಲ ತಾವು ಹೆಚ್ಚು ತಾವು ಹೆಚ್ಚು ಎಂದು ಜಗಳಕ್ಕೆ ಬೀಳುತ್ತವೆ. ಮಾತು ಒಂದು ವರ್ಷ ಹೊರಗಿದ್ದು ಬರುತ್ತದೆ, ಮೂಕರ ಹಾಗೆ ಬದುಕು ನಡೆದಿರುತ್ತದೆ. ಕಣ್ಣು ಹೋಗಿ ಬರುತ್ತದೆ, ಕಿವಿ, ಮನಸ್ಸು ಹೋಗಿ ಬರುತ್ತವೆ. ಕೊನೆಗೆ ಪ್ರಾಣ ಹೊರಡಲು ಎದ್ದದ್ದಷ್ಟೇ. ಒಳ್ಳೆಯ ಕುದುರೆ ಕಾಲಿಗೆ ಕಟ್ಟಿದ ಗೂಟಗಳನ್ನೆಲ್ಲ ಕಿತ್ತುಕೊಂಡು ಏಳುವ ಹಾಗೆ ಉಳಿದೆಲ್ಲ ಇಂದ್ರಿಯಗಳೂ ಬುಡಸಮೇತ ಕಿತ್ತುಬಂದವು. ಹೋಗಬೇಡ ಎಂದು ಎಲ್ಲವೂ ಬೇಡಿಕೊಂಡವು. ಗಾಳಿಯನ್ನು ಕಟ್ಟಿಹಾಕಲು ಹೊರಟವರ ಕಥೆಗಳ ಜೊತೆ ಇದನ್ನು ಇಟ್ಟು ಓದಿದಾಗ ಗಂಟಿನ ಇನ್ನೊಂದು ತುದಿ ಎಲ್ಲಿದೆ ಎಂದು ಕಾಣುತ್ತದೆ. ಕಟ್ಟಿಕೊಂಡಿರುವವರು ನಾವು.

ಅಮೆರಿಕದ ನವಾಹೊ ಜನರ ಸೃಷ್ಟಿಕಥೆಯನ್ನು 19ನೇ ಶತಮಾನದ ಕೊನೆಗೆ ಬರೆದಿಟ್ಟಿದ್ದಾರೆ. ಮೊದಲ ಮನುಷ್ಯರಿಗೆ ಜೀವ ಕೊಟ್ಟದ್ದು ಗಾಳಿ. ಈಗ ನಮ್ಮ ಬಾಯಿಂದ ಬರುತ್ತಿರುವುದೂ ಅದೇ ಗಾಳಿ, ಅದು ನಿಂತರೆ ಸಾಯುತ್ತೇವೆ. ನಮ್ಮ ಬೆರಳ ತುದಿಯ ಚರ್ಮದಲ್ಲಿ ಅದು ಬೀಸಿಹೋದ ಜಾಡು ಕಾಣುತ್ತದೆ ಎಂದು ಅವರು ಹೇಳುತ್ತಾರೆ. ದೀಪದ ಕೆಳಗೆ ತೋರುಬೆರಳನ್ನು ಹಿಡಿದು ನೋಡಿದೆ. ನಡುವೆ ಒಂದು ಸುಳಿ, ಅದನ್ನು ಬಳಸಿಕೊಂಡು ಒಂದರ ಪಕ್ಕ ಒಂದು ಗೆರೆ, ಅಂಚಿಗೆ ಬಂದಂತೆ ಬಾಗಿ ಜಾರಿಹೋಗುವ ಗೆರೆಗಳು. ಮರಳ ಮೇಲೆ ಗಾಳಿ ಬಿಟ್ಟುಹೋಗುವ ಗೆರೆಗಳು ಹೀಗೆಯೇ ಇರುತ್ತವೆ.

ಕನ್ನಡದಲ್ಲಿ ನಾವು ಉಸಿರು ‘ಆಡುತ್ತದೆ’ ಅನ್ನುತ್ತೇವೆ. ಕೋಣೆಯಲ್ಲಿ ಗಾಳಿಯೂ ಆಡುತ್ತದೆ. ಮಕ್ಕಳು ಆಡುವುದಕ್ಕೂ ಮಾತು ಆಡುವುದಕ್ಕೂ ಇದೇ ಪದ. ಇದನ್ನು ದಿನಕ್ಕೆ ಎಷ್ಟು ಸಲ ಬಳಸಿದರೂ ಒಮ್ಮೆಯೂ ನಿಂತು ನೋಡಿರಲಿಲ್ಲ. ದಿನಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು ಉಸಿರು ಎಂದು ಹಿಂದಿನವರು ಎಣಿಸಿದ್ದರು. ನಿಮಿಷಕ್ಕೆ 15ರಂತೆ ಲೆಕ್ಕ ಹಾಕಿದರೆ ಸರಿಯಾಗಿ ಅಷ್ಟೇ ಆಗುತ್ತದೆ.

ಈಗ ನನ್ನ ಮೇಜಿನ ಮೇಲೆ ಅಂಗೈ ಉದ್ದದ ಒಂದು ಪ್ಲಾಸ್ಟಿಕ್ ಕೊಳವೆ ಇದೆ, ಪೀಕ್ ಫ್ಲೋ ಮೀಟರ್. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವುದು ಅದರ ಕೆಲಸ. ಬೆಳಿಗ್ಗೆ ಎದ್ದು ನಿಂತು, ಎದೆ ತುಂಬ ಎಳೆದುಕೊಂಡು, ಕೊಳವೆಯ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ ಒಂದೇ ಸಲಕ್ಕೆ ಊದಬೇಕು. ಕೆಂಪು ಮುಳ್ಳು ಜಾರಿಕೊಂಡು ಹೋಗಿ ಎಲ್ಲೋ ನಿಲ್ಲುತ್ತದೆ. ಮೂರು ಸಲ ಊದಿ ಹೆಚ್ಚಿನದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಕೆಟ್ಟ ದಿನಗಳಲ್ಲಿ 200 ದಾಟದೆ ಅಲ್ಲೇ ನಡುಗುತ್ತ ನಿಲ್ಲುತ್ತದೆ. ಊದುವ ಮೊದಲು ಪ್ರತಿ ಸಲವೂ ಬೆನ್ನಿನ ಮೇಲೆ ಒಂದು ಕೈ ಇದೆ ಅನ್ನಿಸುತ್ತದೆ, ಬಿಡು ಕಂದಾ ಎಂದು ಕೇಳುತ್ತದೆ. ಇವತ್ತು ಮುಳ್ಳು 380ರ ತನಕ ಹೋಯಿತು. ಪುಸ್ತಕದಲ್ಲಿ ಬರೆದು ತಲೆಯೆತ್ತಿದಾಗ ಕಿಟಕಿಯ ಪರದೆ ಉಬ್ಬಿಕೊಂಡು ನಿಂತಿತ್ತು. ನೋಡುತ್ತಿದ್ದ ಹಾಗೆ ಇಳಿಯಿತು.